ಹೊಸ ಕನ್ಸೋಲ್ ಬಂದರೆ ಹಳೇ ಗೇಮ್‌ಗಳ ಗತಿ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕನ್ಸೋಲ್, ಅಂದರೆ ಗೇಮ್ ಆಡುವ ಮಷೀನು, ಬರುತ್ತಂತೆ ಅನ್ನೋ ಸುದ್ದಿ ಎಲ್ಲಾದರೂ ಹೊರಟರೆ ಸಾಕು, ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಹನುಮಂತನಗರದ ನಮ್ಮ ಪಕ್ಕದ ಮನೆ ಹುಡುಗನಿಂದ ಹಿಡಿದು ಆಫೀಸಿನ ಸ್ನೇಹಿತರವರೆಗೆ ಎಲ್ಲರೂ ಕೇಳುವುದು ಈಗಿರುವ ಗೇಮ್‌ಗಳನ್ನು ಮಾರಬೇಕಾ, ಇಟ್ಟುಕೊಳ್ಳಬೇಕಾ ಎಂದು. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಹಳೇ ಗೇಮ್ ಹೊಸ ಮಷೀನಿನಲ್ಲಿ ಓಡುವುದು ತಾನಾಗಿ ಆಗುವ ಕೆಲಸವಲ್ಲ. ಕಂಪನಿ ಮನಸ್ಸು ಮಾಡಿ, ದುಡ್ಡು ಹಾಕಿ, ಎಂಜಿನಿಯರ್‌ಗಳನ್ನು ಕೂರಿಸಿ ಮಾಡಿಸಬೇಕಾದ ಕೆಲಸ. ಆ ಮನಸ್ಸು ಬದಲಾದದ್ದನ್ನು ನಾವು ಒಂದಲ್ಲ, ಹಲವು ಸಲ ನೋಡಿದ್ದೇವೆ. ಹೊಸದು ಮನೆಗೆ ಬಂದು, ನಿಮ್ಮ ಗೇಮ್ ಅದರಲ್ಲಿ ಓಡಿದ್ದನ್ನು ಕಣ್ಣಾರೆ ನೋಡುವ ತನಕ ಹಳೆಯದನ್ನು ಕೈಬಿಡಬೇಡಿ.

ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಅಂತಾರಲ್ಲ, ಹಾಗಂದ್ರೆ ಏನು?

ಹಿಂದಿನ ತಲೆಮಾರಿನ ಕನ್ಸೋಲಿಗಾಗಿ ತಯಾರಾದ ಗೇಮ್ ಹೊಸ ಕನ್ಸೋಲಿನಲ್ಲೂ ಓಡುವುದು. ತೊಂಬತ್ತರ ದಶಕದಲ್ಲಿ ಇಲ್ಲಿ ಬೆಳೆದವರಿಗೆ ‘ಟಿವಿ ಗೇಮ್’ ನೆನಪಿರುತ್ತದೆ. ಅದರ ಕಾರ್ಟ್ರಿಜ್‌ಗೆ ನಾವೆಲ್ಲ ‘ಕ್ಯಾಸೆಟ್’ ಅನ್ನುತ್ತಿದ್ದೆವು. ಗೆಳೆಯನ ಮನೆಯಿಂದ ತಂದ ಕ್ಯಾಸೆಟ್ ನಮ್ಮ ಮಷೀನಿನಲ್ಲೂ ಓಡುತ್ತಿತ್ತು, ಏಕೆಂದರೆ ಆ ಮಷೀನುಗಳ ಮೇಲಿನ ಹೆಸರು ಬೇರೆಯಾದರೂ ಬಹುಪಾಲು ಎಲ್ಲವೂ ನಿಂಟೆಂಡೋದ ಫ್ಯಾಮಿಕಾಂ ಎಂಬ ಒಂದೇ ಯಂತ್ರದ ನಕಲುಗಳು. ಒಳಗಿನ ವಿನ್ಯಾಸ ಒಂದೇ ಆಗಿರುವವರೆಗೆ ತೊಂದರೆ ಇಲ್ಲ. ಅದು ಬದಲಾದಾಗ ಹಳೆಯದನ್ನು ಓಡಿಸಲು ಯಾರಾದರೂ ಕೂತು ದಾರಿ ಮಾಡಿಕೊಡಬೇಕು.

ರೀಮಾಸ್ಟರ್ ಬೇರೆ ವಿಷಯ. ಹಳೇ ಗೇಮನ್ನು ಹೊಸ ಕನ್ಸೋಲಿಗೆ ಮತ್ತೆ ಸಿದ್ಧಮಾಡಿ ಮಾರಿದರೆ ಅದು ಹೊಸ ಸರಕು, ಸಾಮಾನ್ಯವಾಗಿ ಮತ್ತೆ ದುಡ್ಡು ಕೊಡಬೇಕು. ಕೈಯಲ್ಲಿರುವ ಡಿಸ್ಕೇ ಓಡಿದರೆ ಮಾತ್ರ ಅದು ನಾವು ಮಾತಾಡುತ್ತಿರುವ ಸವಲತ್ತು.

ಮುಂದಿನ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ಈಗಿನ ಗೇಮ್‌ಗಳು ಓಡುತ್ತವಾ?

ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ ಇದಕ್ಕೆ ನೇರ ಮಾತು ಕೊಟ್ಟಿದೆ. 2025ರ ಜೂನ್‌ನಲ್ಲಿ, ಮುಂದಿನ ಎಕ್ಸ್‌ಬಾಕ್ಸ್ ಯಂತ್ರಗಳ ಚಿಪ್‌ಗಾಗಿ ಚಿಪ್ ಕಂಪನಿ ಎಎಂಡಿ ಜೊತೆ ಹಲವು ವರ್ಷಗಳ ಒಪ್ಪಂದ ಪ್ರಕಟಿಸುವಾಗಲೇ, ಈಗಿರುವ ಎಕ್ಸ್‌ಬಾಕ್ಸ್ ಗೇಮ್ ಸಂಗ್ರಹ ಮುಂದೆಯೂ ಓಡುತ್ತದೆ ಎಂದು ಅದು ಹೇಳಿತು. ಪ್ಲೇಸ್ಟೇಷನ್ (ಚಿಕ್ಕದಾಗಿ ಪಿಎಸ್) ಮಾಡುವ ಸೋನಿ ಕಡೆಯಿಂದ ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಿಎಸ್ 4 ಮತ್ತು ಪಿಎಸ್ 5ರ ವಿನ್ಯಾಸಕಾರ ಮಾರ್ಕ್ ಸರ್ನಿ ಎಎಂಡಿಯವರ ಜೊತೆ ಕೂತು, ಇಬ್ಬರೂ ಸೇರಿ ಅಭಿವೃದ್ಧಿಪಡಿಸುತ್ತಿರುವ ಗ್ರಾಫಿಕ್ಸ್ ತಂತ್ರಜ್ಞಾನ ಇನ್ನು ಕೆಲವು ವರ್ಷಗಳಲ್ಲಿ ಮುಂದಿನ ಕನ್ಸೋಲಿಗೆ ಬರಲಿದೆ ಎಂದರು.

ಎರಡೂ ಕಡೆ ಎಎಂಡಿಯೇ ಮುಂದುವರಿಯುತ್ತಿದೆ ಅನ್ನುವುದು ನನಗೆ ದೊಡ್ಡ ಸಮಾಧಾನ. ಪಿಎಸ್ 4, ಪಿಎಸ್ 5, ಎಕ್ಸ್‌ಬಾಕ್ಸ್ ಒನ್, ಸೀರೀಸ್ ಎಕ್ಸ್ ಎಲ್ಲದರಲ್ಲೂ ಇರುವುದು ಅದೇ ಎಎಂಡಿ ವಂಶದ ಚಿಪ್. ವಂಶ ಮುರಿಯದಿದ್ದರೆ ಹಳೇ ಗೇಮ್ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಅಷ್ಟಾದರೂ ನಿಮಗೆ ಬೇಕಾದ ಆ ಒಂದು ಗೇಮ್ ಓಡುತ್ತದೆ ಎಂಬ ಗ್ಯಾರಂಟಿ ಇದರಿಂದ ಸಿಗುವುದಿಲ್ಲ.

ಹೊಸ ಮಷೀನು ಹತ್ತು ಪಟ್ಟು ಶಕ್ತಿಶಾಲಿ ಅಂತೀರಿ. ಮತ್ತೆ ಹಳೇ ಗೇಮ್ ಓಡಿಸೋಕೆ ಏನು ಕಷ್ಟ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮದುವೆ ಮನೆ ಅಡುಗೆ ನೋಡಿದ್ದೀರಲ್ಲ? ಪಿಎಸ್ 3ರ ಸೆಲ್ ಪ್ರೊಸೆಸರ್ ಹೆಚ್ಚೂಕಡಿಮೆ ಹಾಗೆಯೇ ಇತ್ತು. ಒಬ್ಬ ಮುಖ್ಯ ಅಡುಗೆ ಭಟ್ಟರು, ಅವರ ಕೈಕೆಳಗೆ ಎಸ್‌ಪಿಇ ಎಂಬ ಸಹಾಯಕರು. ಪಿಎಸ್ 3ರಲ್ಲಿ ಅಂಥ 7 ಕೋರ್‌ಗಳು ಚಾಲೂ ಇದ್ದವು, ಗೇಮ್‌ಗೆ ಸಿಗುತ್ತಿದ್ದದ್ದು 6. ಪ್ರತಿಯೊಬ್ಬ ಸಹಾಯಕನಿಗೂ ತನ್ನದೇ ಪುಟ್ಟ ಮಣೆ, ಅಂದರೆ 256 ಕಿಲೋಬೈಟ್ ಸ್ವಂತ ಮೆಮೊರಿ. ಯಾರಿಗೆ ಯಾವ ತರಕಾರಿ, ಎಷ್ಟೆಷ್ಟು, ಯಾವ ಹೊತ್ತಿಗೆ ಮಣೆ ಮೇಲೆ ಬರಬೇಕು ಎಂಬುದನ್ನೆಲ್ಲ ಗೇಮ್ ಬರೆದವರೇ ಕೈಯಾರೆ ಗೊತ್ತುಮಾಡಿರುತ್ತಿದ್ದರು. ಪಿಎಸ್ 4ಕ್ಕೆ ಬರುವಷ್ಟರಲ್ಲಿ ಅಡುಗೆಮನೆಯೇ ಬದಲಾಯಿತು. ಅಲ್ಲಿ ಒಂದೇ ಥರದ ಎಂಟು ಅಡುಗೆಯವರು, ಎಲ್ಲರಿಗೂ ಸೇರಿ ಒಂದೇ ದೊಡ್ಡ ಮೇಜು. ಕೈಗಳು ಸಾಕಷ್ಟಿದ್ದರೂ ಹಳೇ ಪಟ್ಟಿ ಹಿಡಿದು ಅದೇ ಹೊತ್ತಿಗೆ ಅದೇ ಅಡುಗೆ ಇಳಿಸಲು ಆಗಲಿಲ್ಲ. ಪಿಎಸ್ 3 ಡಿಸ್ಕುಗಳು ಪಿಎಸ್ 4ರಲ್ಲಿ ಓಡದೇ ಹೋದದ್ದು ಇದಕ್ಕೇ.

ಅದಕ್ಕೆ ಮುಂಚೆ ಸೋನಿ ಬೇರೆ ದಾರಿ ಹಿಡಿದಿತ್ತು. 2000ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂದ ಪಿಎಸ್ 2ರ ಮೊದಲ ಮಾಡೆಲ್‌ಗಳೊಳಗೆ ಪಿಎಸ್ 1ರ ಸಿಪಿಯುವೇ ಕೂತಿತ್ತು. ಪಿಎಸ್ 2 ಗೇಮ್ ನಡೆಯುವಾಗ ಅದು ಇನ್‌ಪುಟ್, ಔಟ್‌ಪುಟ್ ನೋಡಿಕೊಳ್ಳುತ್ತಿತ್ತು. ಪಿಎಸ್ 1 ಡಿಸ್ಕ್ ಹಾಕಿದರೆ ಅದೇ ಯಜಮಾನ. ಎಂಥ ಚೆಂದದ ವಿನ್ಯಾಸ! 2006ರ ನವೆಂಬರ್‌ನ ಮೊದಲ ಪಿಎಸ್ 3ಗಳಲ್ಲೂ ಪಿಎಸ್ 2ರ ಎಮೋಷನ್ ಎಂಜಿನ್ ಮತ್ತು ಗ್ರಾಫಿಕ್ಸ್ ಸಿಂಥಸೈಜರ್ ಎರಡೂ ಚಿಪ್ ಇಟ್ಟರು. ಚಿಪ್ ಇಟ್ಟರೆ ಖರ್ಚು. ಮುಂದಿನ ಮಾಡೆಲ್‌ಗಳಲ್ಲಿ ಎಮೋಷನ್ ಎಂಜಿನ್ ತೆಗೆದರು, 2007ರಲ್ಲಿ 40 ಜಿಬಿ ಮಾಡೆಲ್ ಬರುವ ಹೊತ್ತಿಗೆ ಪಿಎಸ್ 2 ಡಿಸ್ಕ್ ಓಡಿಸುವ ಸೌಲಭ್ಯವೇ ಹೋಯಿತು. ಕನ್ಸೋಲಿನ ಹೆಸರು ಪಿಎಸ್ 3 ಎಂದೇ ಇತ್ತು, ಒಂದು ವರ್ಷದಲ್ಲಿ ಒಳಗಿನ ಮಾತು ಬದಲಾಗಿತ್ತು. ಕೊಳ್ಳುವವರಿಗೆ ನಾನು ಯಾವಾಗಲೂ ಮಾಡೆಲ್ ನಂಬರ್ ನೋಡಿ ಎಂದು ಒತ್ತಿ ಹೇಳುವುದು ಈ ಕಾರಣಕ್ಕೆ.

ಒಂದೇ ವಂಶದ ಚಿಪ್ ಇದ್ದರೂ ತಲೆನೋವು ಪೂರ್ತಿ ತಪ್ಪುವುದಿಲ್ಲ. ಪಿಎಸ್ 4 ಪ್ರೋದ ಗ್ರಾಫಿಕ್ಸ್ ಚಿಪ್‌ನಲ್ಲಿ 36 ಕಂಪ್ಯೂಟ್ ಯೂನಿಟ್ (ಲೆಕ್ಕ ಮಾಡುವ ಘಟಕ), ಪಿಎಸ್ 5ರಲ್ಲೂ 36. ಆದರೆ ಮೊದಲನೆಯದು 911 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಎರಡನೆಯದು 2.23 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಕೆಲವು ಗೇಮ್‌ಗಳ ಕೋಡ್ ಆ ವೇಗ ತಡೆದುಕೊಳ್ಳುವುದಿಲ್ಲ ಎಂದು ಸರ್ನಿಯವರೇ 2020ರ ಮಾರ್ಚ್‌ನ ತಮ್ಮ ಉಪನ್ಯಾಸದಲ್ಲಿ ವಿವರಿಸಿದ್ದರು. ಆದ್ದರಿಂದಲೇ ಗೇಮ್‌ಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಬೇಕಾಯಿತು. ಕೊನೆಗೆ 4,000ಕ್ಕೂ ಹೆಚ್ಚು ಪಿಎಸ್ 4 ಗೇಮ್‌ಗಳಲ್ಲಿ ಶೇ 99ಕ್ಕಿಂತ ಹೆಚ್ಚು ಪಿಎಸ್ 5ರಲ್ಲಿ ಓಡುತ್ತವೆ ಎಂದು ಸೋನಿ ಹೇಳಿತು. ಓಡದ 10 ಗೇಮ್‌ಗಳ ಪಟ್ಟಿಯನ್ನೂ ಬಿಡುಗಡೆಗೆ ಮೊದಲೇ ಕೊಟ್ಟಿತ್ತು. ಮುಂದಿನ ಕನ್ಸೋಲ್ ಬರುವಾಗಲೂ ಕಂಪನಿ ಅಂಥ ಪಟ್ಟಿ ಕೊಡುತ್ತದಾ ನೋಡಿ. ಜಾಹೀರಾತಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಪಿಎಸ್ 3 ಡಿಸ್ಕ್ ಪಿಎಸ್ 5ರಲ್ಲಿ ಯಾವ ರೀತಿಯಲ್ಲೂ ಓಡಲ್ವಾ?

ಇಲ್ಲ. ಬೇರೆ ಕೆಲವು ದೇಶಗಳಲ್ಲಿ ಪ್ಲೇಸ್ಟೇಷನ್ ಪ್ಲಸ್ ಪ್ರೀಮಿಯಂ ಚಂದಾ ಕಟ್ಟಿದರೆ ಪಿಎಸ್ 3 ಗೇಮ್‌ಗಳನ್ನು ಇಂಟರ್‌ನೆಟ್ ಮೂಲಕ ಸ್ಟ್ರೀಮ್ ಮಾಡಿ ಆಡಬಹುದು. 2022ರ ಜೂನ್‌ನಲ್ಲಿ ಆ ಯೋಜನೆ ಭಾರತಕ್ಕೆ ಬಂದಾಗ ನಮಗೆ ಕೊಟ್ಟದ್ದು ಸ್ಟ್ರೀಮಿಂಗ್ ಇಲ್ಲದ ‘ಡೀಲಕ್ಸ್’. ಬೆಂಗಳೂರಿನಲ್ಲಿ ಕೂತು ಪಿಎಸ್ 3 ಗೇಮ್ ಆಡಬೇಕೆಂದರೆ ಪಿಎಸ್ 3ಯನ್ನೇ ಇಟ್ಟುಕೊಳ್ಳಬೇಕು. ಇನ್ನೊಂದು ವಿಷಯ ತುಂಬ ಜನಕ್ಕೆ ತಿಳಿದಿಲ್ಲ: ಯಾವ ಮಾಡೆಲ್‌ನ ಪಿಎಸ್ 3 ಆದರೂ ಪಿಎಸ್ 1 ಡಿಸ್ಕ್ ಓಡಿಸುತ್ತದೆ, ಡಿಸ್ಕ್ ಮತ್ತು ಮಷೀನಿನ ರೀಜನ್ (ಯಾವ ಪ್ರದೇಶಕ್ಕೆ ಮಾಡಿದ್ದು ಎಂಬುದು) ಹೊಂದಿದರೆ ಸಾಕು.

ನಮ್ಮಪ್ಪನ ಕಾಲದ ಸಿಡಿ ಪೌಚ್ ಸಿಕ್ಕಿದೆ, ತುಂಬಾ ಪಿಎಸ್ 1, ಪಿಎಸ್ 2 ಡಿಸ್ಕ್ ಇವೆ. ಹೊಸ ಕನ್ಸೋಲಿಗೆ ಹಾಕಬಹುದಾ?

ಮೊದಲು ಅವು ಅಸಲಿಯೋ ನಕಲಿಯೋ ನೋಡಿ. 2000ದ ದಶಕದಲ್ಲಿ ಈ ಊರಿನಲ್ಲಿ ಓಡಾಡಿದ ಪಿಎಸ್ 2 ಡಿಸ್ಕುಗಳಲ್ಲಿ ಬಹಳಷ್ಟು ನಕಲು. ಅವು ‘ಚಿಪ್ ಹಾಕಿಸಿದ’, ಅಂದರೆ ನಕಲಿ ಡಿಸ್ಕ್ ಓಡುವಂತೆ ಬದಲಾಯಿಸಿದ ಮಷೀನಿನಲ್ಲಿ ಮಾತ್ರ ಓಡುತ್ತಿದ್ದವು, ಹೊಸ ಯಾವ ಕನ್ಸೋಲಿನಲ್ಲೂ ಓಡುವುದಿಲ್ಲ. ಅಸಲಿ ಆದರೂ ಪಿಎಸ್ 1 ಗೇಮ್ ಇರುವುದು ಸಿಡಿಯಲ್ಲಿ. ಪಿಎಸ್ 4, ಪಿಎಸ್ 5ರ ಡ್ರೈವ್ ಬ್ಲೂ-ರೇ, ಡಿವಿಡಿ ಓದುತ್ತದೆಯೇ ಹೊರತು ಸಿಡಿ ಓದುವುದಿಲ್ಲ.

ಎಕ್ಸ್‌ಬಾಕ್ಸ್ ಕಡೆ ಚೆನ್ನಾಗಿದೆ ಅಂತಾರೆ, ನಿಜನಾ?

ನಿಜ. ಹಳೇ ಗೇಮ್‌ಗಳ ಮಟ್ಟಿಗೆ ಅವರು ಮಾಡಿದ ಕೆಲಸಕ್ಕೆ ನನಗೆ ಮನಸಾರೆ ಗೌರವ ಇದೆ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬಂದಾಗ ಅದರಲ್ಲಿ ಹಿಂದಿನ ಎಕ್ಸ್‌ಬಾಕ್ಸ್ 360ರ ಒಂದು ಗೇಮೂ ಓಡುತ್ತಿರಲಿಲ್ಲ. 2015ರ ನವೆಂಬರ್‌ನಲ್ಲಿ ಸಾಫ್ಟ್‌ವೇರ್ ಮೂಲಕ ಶುರುಮಾಡಿದರು, 2017ರಲ್ಲಿ ಮೊಟ್ಟಮೊದಲ ಎಕ್ಸ್‌ಬಾಕ್ಸ್‌ನ ಗೇಮ್‌ಗಳೂ ಸೇರಿದವು. ನೀವು 360 ಡಿಸ್ಕ್ ಹಾಕಿದಾಗ ಕನ್ಸೋಲ್ ಅದನ್ನು ಬೀಗದ ಕೈ ಥರ ಬಳಸುತ್ತದೆ: ಇದು ನಿಮ್ಮದು ಎಂದು ಖಾತ್ರಿಮಾಡಿಕೊಂಡು, ಹೊಸ ಯಂತ್ರಕ್ಕೆ ಒಗ್ಗಿಸಿದ ಪ್ರತಿಯನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಮತ್ತೆ ದುಡ್ಡು ಕೇಳುವುದಿಲ್ಲ.

2010ರ ‘ರೆಡ್ ಡೆಡ್ ರಿಡೆಂಪ್ಷನ್’ ತೆಗೆದುಕೊಳ್ಳಿ. 360 ಮತ್ತು ಪಿಎಸ್ 3 ಎರಡಕ್ಕೂ ಬಂದ ಗೇಮ್. 360 ಡಿಸ್ಕ್ ಇದ್ದವರು 2016ರಿಂದ ಅದನ್ನು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಪುಕ್ಕಟೆ ಆಡಿದರು. ಪಿಎಸ್ 3 ಡಿಸ್ಕ್ ಇದ್ದವರಿಗೆ ಪಿಎಸ್ 4ರಲ್ಲಿ ಆಡಲು 2023ರ ಆಗಸ್ಟ್‌ವರೆಗೆ ಕಾಯಬೇಕಾಯಿತು, ಅದೂ ಹೊಸದಾಗಿ ಕೊಂಡು. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಗೇಮ್ ಕೊಂಡ ಇಬ್ಬರು ಗೆಳೆಯರಿಗೆ ಇಷ್ಟು ವ್ಯತ್ಯಾಸ.

ಆದರೆ ಎಲ್ಲ ಹಳೇ ಗೇಮೂ ಆ ಪಟ್ಟಿಯಲ್ಲಿಲ್ಲ. 2021ರ ನವೆಂಬರ್‌ನಲ್ಲಿ 70ಕ್ಕೂ ಹೆಚ್ಚು ಗೇಮ್ ಸೇರಿಸಿ, ಲೈಸೆನ್ಸ್ ಮತ್ತು ತಾಂತ್ರಿಕ ಮಿತಿಗಳ ಕಾರಣ ಇನ್ನು ಸೇರಿಸಲು ಆಗುವುದಿಲ್ಲ ಎಂದರು. ಮೈ ಚಲನೆ ಗುರುತಿಸುವ ಕೈನೆಕ್ಟ್ ಕ್ಯಾಮೆರಾ ಬೇಕಾಗುವ ಗೇಮ್‌ಗಳು ಸೀರೀಸ್ ಎಕ್ಸ್ ಮತ್ತು ಎಸ್‌ನಲ್ಲಿ ಓಡುವುದಿಲ್ಲ. ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವೇ ಇಲ್ಲ, ಆದ್ದರಿಂದ ಮನೆಯಲ್ಲಿರುವ ಡಿಸ್ಕುಗಳಿಂದ ಅದರಲ್ಲಿ ಪ್ರಯೋಜನವಿಲ್ಲ.

ನಿಂಟೆಂಡೋ ಸ್ವಿಚ್ 2?

2025ರ ಜೂನ್ 5ರಂದು ಬಂತು. ಹಳೇ ಸ್ವಿಚ್‌ನ ಬಹುತೇಕ ಕಾರ್ಡ್‌ಗಳನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಒಳಗೆ ನಡೆಯುವುದು ಕುತೂಹಲದ ಕೆಲಸ: ಹಳೇ ಸ್ವಿಚ್‌ನ ಚಿಪ್ ಅದರೊಳಗೆ ಇಲ್ಲ, ಹಳೇ ಮಷೀನನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಪೂರ್ತಿ ಎಮ್ಯುಲೇಟರೂ ಅಲ್ಲ, ಎರಡರ ನಡುವಿನದು. ಆಡುತ್ತಿರುವಾಗಲೇ ಹಳೇ ಗೇಮ್‌ನ ಡೇಟಾವನ್ನು ಹೊಸ ಚಿಪ್‌ಗೆ ಅರ್ಥವಾಗುವಂತೆ ಬದಲಾಯಿಸಿಕೊಡುತ್ತದೆ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ರಟ್ಟಿನ ಆಟಿಕೆಗಳೊಳಗೆ ಜಾಯ್-ಕಾನ್ (ಸ್ವಿಚ್‌ನ ಕಂಟ್ರೋಲರ್) ಕೂರಿಸುವ ಲಾಬೋ ಥರದವುಗಳಿಗೆ ಮಾತ್ರ ಹೊಸ ಜಾಯ್-ಕಾನ್‌ನ ಗಾತ್ರ ಹೊಂದುವುದಿಲ್ಲ.

ನಮ್ಮೂರಿನಲ್ಲಿ ತೆಗೆದುಕೊಳ್ಳುವವರಿಗೆ ಹೇಳಬೇಕಾದ್ದು ಬೇರೆಯೇ ಇದೆ. ನಿಂಟೆಂಡೋ ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ. ಇಲ್ಲಿ ಸಿಗುವುದು ಹೊರಗಿನಿಂದ ತರಿಸಿದ್ದು, ಕೆಟ್ಟರೆ ಕಂಪನಿ ವಾರಂಟಿ ಇಲ್ಲಿ ನಡೆಯುವುದಿಲ್ಲ. ಹಳೇ ಸ್ವಿಚ್‌ನ ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲಿ ಸ್ವಿಚ್ 2ರ ಗೇಮ್ ಇಡಲು ಬರುವುದಿಲ್ಲ, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯದೇ ಬೇಕು. ಗೇಮ್-ಕೀ ಕಾರ್ಡ್ ಎಂದು ಬರೆದ ಡಬ್ಬ ಕಂಡರೆ ಎರಡು ಸಲ ಯೋಚಿಸಿ. ಅದರೊಳಗಿನ ಕಾರ್ಡಿನಲ್ಲಿ ಗೇಮ್ ಇಲ್ಲ, ಇಳಿಸಿಕೊಳ್ಳಲು ಅನುಮತಿ ಮಾತ್ರ ಇದೆ. ಹತ್ತಿಪ್ಪತ್ತು ವರ್ಷದ ಮೇಲೆ ಆ ಸರ್ವರ್ ಇರುತ್ತದಾ ಎಂಬ ಚಿಂತೆ ನನ್ನನ್ನು ಕಾಡುತ್ತದೆ.

ಸೆಕೆಂಡ್ ಹ್ಯಾಂಡ್ ಸ್ವಿಚ್ 2 ಕೊಳ್ಳುವ ಮುನ್ನ ಅಂಗಡಿಯಲ್ಲೇ ವೈಫೈಗೆ ಸೇರಿಸಿ, ನಿಂಟೆಂಡೋದ ಆನ್‌ಲೈನ್ ಅಂಗಡಿ ಇ-ಶಾಪ್ ತೆರೆದು ನೋಡಿ. ಗೇಮ್ ನಕಲು ಮಾಡಿ ಓಡಿಸುವ ಕಾರ್ಡ್ ಬಳಸಿದ ಕನ್ಸೋಲ್‌ಗಳನ್ನು ನಿಂಟೆಂಡೋ ಆನ್‌ಲೈನ್ ಸೇವೆಯಿಂದ ತೆಗೆದುಹಾಕಿದೆ, ಆ ನಿಷೇಧ ಮಷೀನಿಗೇ ಅಂಟಿರುತ್ತದೆ.

ಡಿಸ್ಕ್ ಡ್ರೈವ್ ಇಲ್ಲದ ಮಾಡೆಲ್ ಅಗ್ಗ. ಅದನ್ನೇ ತಗೊಳ್ಳಲಾ?

ಮನೆಯಲ್ಲಿ ಒಂದೂ ಡಿಸ್ಕ್ ಇಲ್ಲದಿದ್ದರೆ ತಗೊಳ್ಳಿ. ಹತ್ತು ಡಿಸ್ಕ್ ಇದ್ದರೆ ಬೇಡ. ಪಿಎಸ್ 5 ಭಾರತಕ್ಕೆ ಬಂದಾಗ ಎರಡು ಮಾಡೆಲ್‌ಗಳ ನಡುವೆ 10,000 ರೂಪಾಯಿ ಅಂತರ ಇತ್ತು, 49,990 ಮತ್ತು 39,990. ಉಳಿಯಿತು ಎಂದುಕೊಂಡ ಆ ಹತ್ತು ಸಾವಿರ, ಡಿಸ್ಕಿನಲ್ಲಿದ್ದ ಗೇಮ್‌ಗಳನ್ನು ಡಿಜಿಟಲ್ ಆಗಿ ಮತ್ತೆ ಕೊಳ್ಳುವುದರಲ್ಲಿ ಕರಗಿಹೋಗುತ್ತದೆ. ಮುಂದಿನ ಕನ್ಸೋಲಿನಲ್ಲಿ ಡ್ರೈವ್ ಬಿಡಿಯಾಗಿ ಬರುವುದಾದರೆ ಅದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಪಿಎಸ್ 5 ಸ್ಲಿಮ್‌ನ ಬಿಡಿ ಡ್ರೈವನ್ನು ಮೊದಲ ಸಲ ಜೋಡಿಸುವಾಗ ಇಂಟರ್‌ನೆಟ್ ಇರಲೇಬೇಕು ಎನ್ನುವುದೂ ನೆನಪಿರಲಿ.

ಡಿಜಿಟಲ್ ಆಗಿ ಕೊಂಡಿದ್ದು ನಮ್ಮ ಅಕೌಂಟ್‌ನಲ್ಲೇ ಇರುತ್ತಲ್ಲ, ಭಯ ಏನು?

ಅಕೌಂಟ್‌ನಲ್ಲಿ ಇರುತ್ತದೆ, ನಿಜ. ಆದರೆ ನಿಮ್ಮ ಕೈಯಲ್ಲಿರುವುದು ಬಳಸುವ ಹಕ್ಕು. ನಿಂಟೆಂಡೋದ ಹಳೇ ಮಷೀನುಗಳಾದ 3ಡಿಎಸ್ ಮತ್ತು ವೀ ಯುಗಳ ಆನ್‌ಲೈನ್ ಅಂಗಡಿಗಳು 2023ರ ಮಾರ್ಚ್‌ನಲ್ಲಿ ಮುಚ್ಚಿದವು, ಎಕ್ಸ್‌ಬಾಕ್ಸ್ 360 ಅಂಗಡಿ 2024ರ ಜುಲೈನಲ್ಲಿ. ಪಿಎಸ್ 3ರ ಅಂಗಡಿಯನ್ನೂ 2021ರಲ್ಲಿ ಮುಚ್ಚುತ್ತೇವೆ ಎಂದಿದ್ದ ಸೋನಿ, ಆಟಗಾರರು ಗಲಾಟೆ ಮಾಡಿದ ಮೇಲೆ ಒಂದೇ ತಿಂಗಳಲ್ಲಿ ನಿರ್ಧಾರ ವಾಪಸ್ ತೆಗೆದುಕೊಂಡಿತು. ದನಿ ಎತ್ತಿದರೆ ಕೇಳಿಸುತ್ತದೆ ಎನ್ನುವುದಕ್ಕೆ ನನಗೆ ಇದೇ ಸಾಕ್ಷಿ.

ಅಂಗಡಿ ತೆರೆದಿದ್ದರೂ ಗೇಮ್ ಮಾಯವಾಗಬಹುದು. ಕಾರ್ ಕಂಪನಿಗಳ, ಹಾಡುಗಳ ಲೈಸೆನ್ಸ್ ಮುಗಿದಾಗ ರೇಸಿಂಗ್ ಗೇಮ್‌ಗಳಿಗೆ ಹೀಗಾಗುವುದು ಹೆಚ್ಚು. ‘ಫೋರ್ಜಾ ಹೊರೈಜನ್ 4’ 2024ರ ಡಿಸೆಂಬರ್‌ನಲ್ಲಿ ಮಾರಾಟದಿಂದ ಹೋಯಿತು. ಮೊದಲೇ ಕೊಂಡವರು ಈಗಲೂ ಆಡಬಹುದು, ಡಿಸ್ಕ್ ಇದ್ದವರೂ ಆಡಬಹುದು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಒಂದು ಭಾಷೆಯ ಹಳೇ ಪುಸ್ತಕಗಳಲ್ಲಿ ನೂರಕ್ಕೆ 87 ಓದಲು ಸಿಗದಿದ್ದರೆ ನಾವು ಸುಮ್ಮನಿರುತ್ತಿದ್ದೆವಾ?

ಸೇವ್ ಫೈಲ್‌ಗಳು ಬರುತ್ತವಾ?

ಗೇಮ್ ಬಂದ ಮಾತ್ರಕ್ಕೆ ಸೇವ್, ಅಂದರೆ ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ, ಬರುತ್ತದೆ ಅಂದುಕೊಳ್ಳಬೇಡಿ. ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್ (ಕಂಪನಿಯ ಸರ್ವರ್‌ನಲ್ಲಿ ಇಡುವುದು) ಎಲ್ಲರಿಗೂ ಉಚಿತ, ಸೈನ್ ಇನ್ ಆದರೆ ಬಂದುಬಿಡುತ್ತದೆ. ಪ್ಲೇಸ್ಟೇಷನ್‌ನಲ್ಲಿ ಕ್ಲೌಡ್‌ಗೆ ಚಂದಾ ಬೇಕು. ಪಿಎಸ್ 4 ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಪಿಎಸ್ 5ಕ್ಕೆ ಒಯ್ಯಬಹುದು, ಆದರೆ ಪಿಎಸ್ 5 ಗೇಮ್‌ಗಳ ಸೇವ್ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ. ಅದೇ ಗೇಮ್‌ನ ಪಿಎಸ್ 5 ಆವೃತ್ತಿಗೆ ಹಳೇ ಸೇವ್ ಹಿಡಿಸುತ್ತದಾ ಇಲ್ಲವಾ ಎಂಬುದು ಗೇಮ್ ಮಾಡಿದವರ ಕೈಯಲ್ಲಿದೆ.

ಹಳೇ ಕಂಟ್ರೋಲರ್, ಹಾರ್ಡ್ ಡಿಸ್ಕ್?

ಪಿಎಸ್ 4 ಕಂಟ್ರೋಲರ್ ಪಿಎಸ್ 5ರಲ್ಲಿ ಪಿಎಸ್ 4 ಗೇಮ್‌ಗಳಿಗೆ ಮಾತ್ರ. ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಸೀರೀಸ್ ಎಕ್ಸ್‌ನಲ್ಲಿ ಎಲ್ಲದಕ್ಕೂ ಆಗುತ್ತದೆ. ಯುಎಸ್‌ಬಿ ಹಾರ್ಡ್ ಡಿಸ್ಕಿನಿಂದ ಪಿಎಸ್ 4 ಗೇಮ್ ನೇರವಾಗಿ ಆಡಬಹುದು, ಪಿಎಸ್ 5 ಗೇಮ್ ಆಡಲು ಒಳಗಿನ ಎಸ್‌ಎಸ್‌ಡಿಗೇ ತರಬೇಕು. ಬೆಸ್ಕಾಂ ಕರೆಂಟ್ ಗೇಮ್ ಮಧ್ಯದಲ್ಲಿ ಕೈಕೊಡುವ ಬಡಾವಣೆಯಾದರೆ ಚಿಕ್ಕದೊಂದು ಯುಪಿಎಸ್ ಇಟ್ಟುಕೊಳ್ಳಿ. ಡೇಟಾ ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾರ್ಡ್ ಡಿಸ್ಕ್‌ಗೆ ಪೆಟ್ಟು.

ಅಂಗಡಿಯಲ್ಲಿ ಎಕ್ಸ್‌ಚೇಂಜ್ ಆಫರ್ ಇದೆ. ಹಳೇದೆಲ್ಲ ಕೊಟ್ಟು ಹೊಸದಕ್ಕೆ ಬುಕ್ ಮಾಡಲಾ?

ನಾನು ಮಾಡಿದ್ದು ಅದನ್ನೇ. 2014ರ ಜನವರಿಯಲ್ಲಿ ಪಿಎಸ್ 4 ಇಲ್ಲಿಗೆ 39,990 ರೂಪಾಯಿಗೆ ಬಂದಾಗ, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಪಿಎಸ್ 3 ಮತ್ತು ಇದ್ದಬದ್ದ ಡಿಸ್ಕೆಲ್ಲ ಒಂದು ಅಂಗಡಿಗೆ ಕೊಟ್ಟು ಉಳಿದದ್ದನ್ನು ಹೊಂದಿಸಿದೆ. ಪಿಎಸ್ 4ರಲ್ಲಿ ಪಿಎಸ್ 3 ಗೇಮ್ ಓಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಂದೆ ಎಂದಾದರೂ ಅದಕ್ಕೂ ದಾರಿ ಮಾಡುತ್ತಾರೆ ಎಂದು ನಂಬಿದ್ದೆ.

ಅಂಗಡಿಯವರು ಕಣ್ಣೆದುರೇ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದರು. ಅದರಲ್ಲಿ ನನ್ನ ತಂಗಿ ಮತ್ತು ನಾನು ‘ಲಿಟಲ್‌ಬಿಗ್‌ಪ್ಲಾನೆಟ್’ನಲ್ಲಿ ಸೇರಿ ಕಟ್ಟಿದ ಒಂದು ಲೆವೆಲ್ ಇತ್ತು. ಆ ಗೇಮ್‌ನಲ್ಲಿ ಆಟಗಾರರೇ ಲೆವೆಲ್ ಕಟ್ಟಬಹುದು. ನಮ್ಮದು ನಾವು ಬೆಳೆದ ವಠಾರದ ಮೆಟ್ಟಿಲು, ನೀರಿನ ತೊಟ್ಟಿ, ಮೇಲಿನ ಮನೆ ಅಜ್ಜಿಯ ತುಳಸಿ ಕಟ್ಟೆ. ಪಿಯುಸಿ ರಜೆಯಲ್ಲಿ ಅವಳು ಎರಡು ತಿಂಗಳು ಕೂತು ಮಾಡಿದ್ದು. ಆನ್‌ಲೈನ್‌ಗೆ ಹಾಕಿರಲಿಲ್ಲ, ಇನ್ನೂ ಮುಗಿದಿಲ್ಲ ಅನ್ನುತ್ತಿದ್ದಳು. ಅವಳು ಈಗ ಶಿವಮೊಗ್ಗದಲ್ಲಿದ್ದಾಳೆ. ಅಣ್ಣಾ, ಆ ಲೆವೆಲ್ ಇದೆಯಾ, ಮಗಳಿಗೆ ತೋರಿಸಬೇಕು ಎಂದು ಒಂದು ಸಲ ಫೋನಿನಲ್ಲಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಗೇಮ್‌ನ ಪಿಎಸ್ 3 ಸರ್ವರ್‌ಗಳೂ 2021ರ ಸೆಪ್ಟೆಂಬರ್‌ನಲ್ಲಿ ಶಾಶ್ವತವಾಗಿ ನಿಂತವು.

ಎಕ್ಸ್‌ಚೇಂಜ್ ಮಾಡಲೇಬೇಕಾದ ಪರಿಸ್ಥಿತಿ ಇದ್ದರೆ ಮಾಡಿ, ಎಲ್ಲರ ಮನೆಯಲ್ಲೂ ದುಡ್ಡು ಒಂದೇ ಥರ ಇರುವುದಿಲ್ಲ. ಕೊಡುವ ಮುನ್ನ ಸೇವ್‌ಗಳನ್ನು ಕಾಪಿ ಮಾಡಿ, ಆ ಕನ್ಸೋಲ್‌ನಲ್ಲಿ ಆಡಿದ ಮನೆಯವರನ್ನೆಲ್ಲ ಒಂದು ಮಾತು ಕೇಳಿ. ಆಗುವುದಾದರೆ ಎರಡು ತಿಂಗಳು ತಡೆಯಿರಿ.

ಬೆಂಗಳೂರಿನಲ್ಲಿ ಹಳೇ ಕನ್ಸೋಲ್, ಡಿಸ್ಕ್ ಎಲ್ಲಿ ಹುಡುಕಲಿ? ಏನು ನೋಡಿ ಕೊಳ್ಳಬೇಕು?

ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಹಳಬರ ಮೊದಲ ನಿಲ್ದಾಣ. ರಿಪೇರಿ ಸಾಮಾನು, ಅಡಾಪ್ಟರ್, ವೈರು ಬೇಕಾದರೆ ಎಸ್‌ಪಿ ರೋಡ್. ಶನಿವಾರ ಸಂಜೆ ಹೋಗಬೇಡಿ, ನಿಂತು ಪರೀಕ್ಷೆ ಮಾಡುವಷ್ಟು ಜಾಗವೂ ಇರುವುದಿಲ್ಲ, ವ್ಯವಧಾನವೂ ಇರುವುದಿಲ್ಲ. ವಾರದ ದಿನ ಬೆಳಿಗ್ಗೆ ಹೋಗಿ, ನಿಮ್ಮದೇ ಒಂದು ಡಿಸ್ಕ್ ಜೊತೆಗೊಯ್ಯಿರಿ, ಕನಿಷ್ಠ ಕಾಲು ಗಂಟೆ ಓಡಿಸಿ ನೋಡಿ.

ಡಿಸ್ಕ್ ನೋಡುವುದೂ ಒಂದು ವಿದ್ಯೆ. ಸಿಡಿಯಲ್ಲಿ ಡೇಟಾ ಇರುವುದು ಲೇಬಲ್ ಬದಿಯ ತೀರಾ ಹತ್ತಿರ, ಆದ್ದರಿಂದ ಚಿತ್ರ ಇರುವ ಮೇಲ್ಭಾಗದ ಗೀರು ಹೆಚ್ಚು ಅಪಾಯ. ಡಿವಿಡಿಯಲ್ಲಿ ಅದು ನಡುಮಧ್ಯ, 0.6 ಮಿಲಿಮೀಟರ್ ಆಳದಲ್ಲಿ. ಬ್ಲೂ-ರೇಯಲ್ಲಿ ಕೆಳಮೈಯಿಂದ 0.1 ಮಿಲಿಮೀಟರ್ ಅಷ್ಟೇ. ಆ ಕೆಳಮೈಗೆ ಗಟ್ಟಿ ಲೇಪನ ಇರುವುದರಿಂದ ಬೇಗ ಗೀರು ಬೀಳುವುದಿಲ್ಲ, ಆಳವಾಗಿ ಬಿದ್ದರೆ ಡೇಟಾಕ್ಕೇ ಪೆಟ್ಟು. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.

ಅಮೆರಿಕದಲ್ಲಿರೋ ಅಕ್ಕ ತಂದುಕೊಡ್ತಾರಂತೆ. ತರಿಸಲಾ?

ಹೊಸ ಕನ್ಸೋಲ್‌ಗಳಿಗೆ ಕರೆಂಟ್ ಸಮಸ್ಯೆ ಇಲ್ಲ, ಪಿಎಸ್ 5 ಮತ್ತು ಸ್ವಿಚ್ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ. ಹಳೆಯವು ಹಾಗಲ್ಲ. ನಿಂಟೆಂಡೋದ ಹಳೇ ಕನ್ಸೋಲ್ ‘ವೀ’ಯ ಅಮೆರಿಕದ ಅಡಾಪ್ಟರ್ 120 ವೋಲ್ಟ್‌ಗೆ ಮಾಡಿದ್ದು. ನಮ್ಮ ಭಾವ ತಂದದ್ದನ್ನು ಗೊತ್ತಿಲ್ಲದೆ ನಮ್ಮ 230 ವೋಲ್ಟ್‌ಗೆ ಚುಚ್ಚಿದಾಗ ಅಡಾಪ್ಟರ್ ಅಲ್ಲೇ ಸುಟ್ಟಿತು. ಹಿಂಬದಿಯ ಬರಹ ಓದಿ, ಬೇಕಿದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ. ಇನ್ನೊಂದು: ಅಮೆರಿಕದ ಡಿಸ್ಕ್ ಪಿಎಸ್ 4ರಲ್ಲಿ ಓಡುತ್ತದೆ, ಆದರೆ ಭಾರತದ ಅಕೌಂಟ್‌ನಿಂದ ಕೊಂಡ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಇಳಿಸಿಕೊಳ್ಳುವ ಹೆಚ್ಚುವರಿ ಭಾಗ) ಅದಕ್ಕೆ ಹಿಡಿಸದೇ ಇರಬಹುದು.

ಹೊಸದು ಬಿಡುಗಡೆಯಾದ ದಿನವೇ ಇಲ್ಲಿ ಸಿಗುತ್ತಾ?

ಹಿಂದಿನ ಅನುಭವ ನೋಡಿ. ಪಿಎಸ್ 5 ಅಮೆರಿಕದಲ್ಲಿ 2020ರ ನವೆಂಬರ್ 12ಕ್ಕೆ, ಇಲ್ಲಿಗೆ 2021ರ ಫೆಬ್ರವರಿ 2ಕ್ಕೆ. ಮುಂಗಡ ಬುಕಿಂಗ್ ನಿಮಿಷಗಳಲ್ಲಿ ಮುಗಿದಿತ್ತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮಾತ್ರ 2020ರ ನವೆಂಬರ್ 10ರಂದು ಹೊರದೇಶಗಳ ಜೊತೆಗೇ ಬಂತು. 2024ರ ನವೆಂಬರ್‌ನಲ್ಲಿ ಪಿಎಸ್ 5 ಪ್ರೋ ಹೊರಬಂದಾಗ ಭಾರತವನ್ನು ಬಿಟ್ಟರು, ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ ಎಂಬ ಕಾರಣಕ್ಕೆ. ಈ ತಡವನ್ನು ನಾನು ಲಾಭವೆಂದೇ ಬಳಸಿಕೊಳ್ಳುತ್ತೇನೆ. ಹೊರಗಿನವರು ತಮ್ಮ ಹಳೇ ಗೇಮ್‌ಗಳನ್ನೆಲ್ಲ ಹಾಕಿ ನೋಡಿ ಹೇಳುವಷ್ಟರಲ್ಲಿ ನಮಗೆ ನಿರ್ಧರಿಸಲು ಸಮಯ ಸಿಕ್ಕಿರುತ್ತದೆ.

ಹೊಸ ಕನ್ಸೋಲ್ ಮನೆಗೆ ಬಂದ ದಿನ ಮೊದಲು ಏನು ಮಾಡಬೇಕು?

ಹೊಸ ಗೇಮ್ ಹಾಕುವ ಮೊದಲು ಸಿಸ್ಟಮ್ ಅಪ್‌ಡೇಟ್ ಮುಗಿಸಿ, ನಿಮಗೆ ತೀರಾ ಬೇಕಾದ ಹಳೇ ಗೇಮ್ ಹಾಕಿ. ಮೆನುವರೆಗೆ ಬಂದದ್ದನ್ನು ನೋಡಿ ನಿಲ್ಲಿಸಬೇಡಿ. ಸೇವ್ ತೆರೆಯುತ್ತದಾ, ಡಿಎಲ್‌ಸಿ ಬಂದಿದೆಯಾ, ಎರಡನೇ ಕಂಟ್ರೋಲರ್ ಹಿಡಿದು ಮನೆಯವರು ಜೊತೆಗೆ ಆಡಬಹುದಾ ನೋಡಿ. ಒಂದು ವಾರ ಎರಡೂ ಕನ್ಸೋಲ್ ಟಿವಿಗೆ ಹಾಕಿಕೊಂಡೇ ಇರಿ.

ಆಮೇಲೆ ಹಳೆಯದನ್ನು ಒರೆಸಿ, ಡಬ್ಬಕ್ಕೆ ಹಾಕಿ ಸಜ್ಜಾ ಮೇಲಿಡಿ. ಪವರ್ ಕೇಬಲ್, ಎಚ್‌ಡಿಎಂಐ ಮತ್ತು ಕಂಟ್ರೋಲರ್ ಚಾರ್ಜ್ ಮಾಡುವ ವೈರು ಅದೇ ಡಬ್ಬದಲ್ಲಿರಲಿ. ಪಿಎಸ್ 3 ಕಂಟ್ರೋಲರ್‌ಗೆ ಬೇಕಾದ್ದು ಮಿನಿ ಯುಎಸ್‌ಬಿ, ಈಗಿನ ಫೋನಿನ ವೈರು ಅದಕ್ಕೆ ಆಗುವುದಿಲ್ಲ. ಆರು ತಿಂಗಳಿಗೊಮ್ಮೆ ಕೆಳಗಿಳಿಸಿ, ಕಂಟ್ರೋಲರ್ ಚಾರ್ಜ್ ಮಾಡಿ, ಒಂದು ಗಂಟೆ ಆಡಿ ಮತ್ತೆ ಎತ್ತಿಡಿ.